ತಂದೆಯ ಸಾಲ ತೀರಿಸಿದ ವರ್ತಕ: ಸಿಂಗಪುರದ ತಾನ್ ಕಾ ಕೀ

1903ನೆಯ ಇಸವಿ. ಮೂರು ವರ್ಷಗಳ ನಂತರ ಚೀನಾದ ತನ್ನ ಹಳ್ಳಿಯಿಂದ ಸಿಂಗಪುರಕ್ಕೆ ಹಿಂದಿರುಗಿದ ತರುಣನೊಬ್ಬ ತಂದೆಯ ಅಕ್ಕಿ ಮಂಡಿಯ ಹೊಸ್ತಿಲು ದಾಟಿದಾಗ ಅವನನ್ನು ಎದುರುಗೊಂಡ ಸ್ಥಿತಿ ಯಾವ ವರ್ತಕನ ಮಗನಿಗೂ ಬರಬಾರದಂಥದು. ತಾಯಿಯ ಉತ್ತರಕ್ರಿಯೆಗಾಗಿ ಊರಿಗೆ ಹೊರಡುವಾಗ ಒಪ್ಪವಾಗಿ ಒಪ್ಪಿಸಿಹೋಗಿದ್ದ ವ್ಯವಹಾರ ಈಗ ಹೇಳಹೆಸರಿಲ್ಲದಂತಾಗಿತ್ತು. ಕಿರ್ದಿ ಪುಸ್ತಕಕ್ಕೂ ಖಾತೆ ಪುಸ್ತಕಕ್ಕೂ ತಾಳೆಯಿರಲಿಲ್ಲ. ಬರಬೇಕಾದ ಬಾಕಿ ಬಂದಿರಲಿಲ್ಲ. ಬಂದ ಹಣ ಮನೆಯವರ ಕೈಯಲ್ಲೇ ಪೋಲಾಗಿತ್ತು. ಲಕ್ಷಗಟ್ಟಲೆ ಡಾಲರ್ ಸಾಲ ತಲೆಯ ಮೇಲೆ ನಿಂತಿತ್ತು. ಕೆಲವೇ ತಿಂಗಳಲ್ಲಿ ಮಂಡಿಯ ಬಾಗಿಲು ಮುಚ್ಚಿತು.

ಸಿಂಗಪುರ ಆಗ ಬ್ರಿಟಿಷರ ವಸಾಹತು. ಅಲ್ಲಿನ ಕಾನೂನಿನ ಪ್ರಕಾರ ತಂದೆಯ ದಿವಾಳಿಗೆ ಮಗ ಹೊಣೆಗಾರನಲ್ಲ. ಸಾಲ ಕೊಟ್ಟವರೂ ಆ ಹಣದ ಆಸೆಯನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಆದರೂ ಆ ತರುಣ ಸಾಲವನ್ನು ತಾನು ತೀರಿಸುವುದಾಗಿ ಒಪ್ಪಿಕೊಂಡ. ಮುಂದಿನ ನಾಲ್ಕು ವರ್ಷ ದುಡಿದು, ಸಾಲ ಕೊಟ್ಟವರೊಡನೆ ಕುಳಿತು ಮಾತನಾಡಿ, ಇಬ್ಬರಿಗೂ ಒಪ್ಪಿಗೆಯಾದ ಮೊತ್ತವನ್ನು ನಿಶ್ಚಯಿಸಿ, 1907ರಲ್ಲಿ ಅದನ್ನು ಸಲ್ಲಿಸಿ ಋಣಮುಕ್ತನಾದ. ಸಾಲದ ಪೂರ್ಣ ಮೊತ್ತವನ್ನು ಚುಕ್ತಾ ಮಾಡಿದನೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಅದು ಸಂಧಾನದ ಮೊತ್ತ. ಆದರೆ ಕೊಡಬೇಕಾಗಿಲ್ಲದ ಹಣವನ್ನು ಕೊಟ್ಟ ಸುದ್ದಿ ಸಿಂಗಪುರದ ನದಿ ದಂಡೆಯ ಮಂಡಿಗಳಲ್ಲಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ.

ಆ ತರುಣನೇ ತಾನ್ ಕಾ ಕೀ. ಚೀನಾದ ಅಧಿಕೃತ ಉಚ್ಚಾರಣೆಯಲ್ಲಿ ಚೆನ್ ಜಿಯಾಗೆಂಗ್. ಅನಾನಸು ಡಬ್ಬಿಗಳಿಂದ ಆರಂಭಿಸಿ ಆಗ್ನೇಯ ಏಷ್ಯದ ಅತಿ ದೊಡ್ಡ ರಬ್ಬರ್ ಉದ್ಯಮಿಗಳಲ್ಲಿ ಒಬ್ಬರಾಗಿ, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಮಲಯಾದ ಚೀನೀ ಸಮುದಾಯದ ಪ್ರಶ್ನಾತೀತ ನಾಯಕರೆನಿಸಿದವರು. ಅವರ ಉದ್ಯಮ 1934ರಲ್ಲಿ ಮುಚ್ಚಿಹೋಯಿತು. ನಾಯಕತ್ವ ಮಾತ್ರ ಅದರ ನಂತರವೇ ಶಿಖರಕ್ಕೇರಿತು. ವ್ಯಾಪಾರದ ಲೋಕದಲ್ಲಿ ಇಂಥದು ಅಪರೂಪ. ಹಣ ಹೋದ ಮೇಲೆ ಸಭೆಯ ಮೊದಲ ಸಾಲಿನ ಕುರ್ಚಿಯೂ ಹೋಗುವುದನ್ನೇ ನಮ್ಮ ವರ್ತಕರು ಹೆಚ್ಚಾಗಿ ಕಂಡಿರುತ್ತಾರೆ.

ನದಿ ದಂಡೆಯ ಸಮಾಜ

ತಾನ್ ಹುಟ್ಟಿದ್ದು 1874ರ ಅಕ್ಟೋಬರ್‌ನಲ್ಲಿ, ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತ್ಯದ ಜಿಮೇ ಎಂಬ ಕಡಲತೀರದ ಹಳ್ಳಿಯಲ್ಲಿ. ಎದುರಿಗೇ ಷಿಯಾಮೆನ್ ದ್ವೀಪ; ಆಂಗ್ಲರು ಅದನ್ನು ಅಮೋಯ್ ಎಂದು ಕರೆಯುತ್ತಿದ್ದರು. ಮೀನುಗಾರಿಕೆ ಮತ್ತು ಬಡ ಬೇಸಾಯ ಬಿಟ್ಟರೆ ಬೇರೆ ಗತಿಯಿಲ್ಲದ ಆ ತೀರದಿಂದ ಗಂಡಸರು ತಲೆಮಾರುಗಳಿಂದ ದಕ್ಷಿಣ ಸಮುದ್ರದ ನಾಡುಗಳಿಗೆ ಹೊರಡುತ್ತಿದ್ದರು. ತಂದೆ ತಾನ್ ಕೀ ಪೆಕ್ ಸಿಂಗಪುರದಲ್ಲಿ ಅಕ್ಕಿ ವ್ಯಾಪಾರಿ. 1890ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಮಗನೂ ಅಲ್ಲಿಗೆ ಬಂದು ತಂದೆಯ 'ಸೂನ್ ಆನ್' ಮಂಡಿಯಲ್ಲಿ ಕೆಲಸ ಕಲಿಯತೊಡಗಿದ. ಸಿಯಾಂ, ಬರ್ಮಾ ಮತ್ತು ವಿಯೆಟ್ನಾಂಗಳಿಂದ ಬರುವ ಅಕ್ಕಿಯನ್ನು ಉದ್ದರಿಯ ಮೇಲೆ ಕೊಂಡು ಉದ್ದರಿಯ ಮೇಲೆಯೇ ಮಾರುವ ವ್ಯವಹಾರದಲ್ಲಿ ಮುದ್ದತ್ತಿನ ದಿನಗಳ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಅವರು ಅಲ್ಲಿಯೇ ಕಲಿತರು.

ಆ ಕಾಲದ ಸಿಂಗಪುರದ ಚೀನೀ ಸಮಾಜವನ್ನು ಒಂದೇ ಜನವೆಂದು ಭಾವಿಸುವುದು ತಪ್ಪು. ಹೊಕ್ಕಿಯನ್, ತೆಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಎಂದು ಆಡುನುಡಿಯ ಪ್ರಕಾರ ಹಲವು ಪಂಗಡಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಪ್ರತಿ ಪಂಗಡಕ್ಕೂ ಪ್ರತ್ಯೇಕ ದೇವಾಲಯ, ಸ್ಮಶಾನ, ಪಾಠಶಾಲೆ. ಬಹುಮಟ್ಟಿಗೆ ಪ್ರತ್ಯೇಕ ಕಸುಬು ಸಹ. ಮಲಯಾದ ಇತರ ಕೆಲವೆಡೆ ಇದ್ದಂತೆ 'ಕಪಿತಾನ್' ಎಂಬ ಬಿರುದು ಕೊಟ್ಟು ಚೀನೀಯರನ್ನು ಅವರ ಮುಖಂಡರ ಮೂಲಕವೇ ಆಳುವ ಪದ್ಧತಿಯನ್ನು ಬ್ರಿಟಿಷರು ಇಲ್ಲಿ ಉಳಿಸಿಕೊಂಡಿರಲಿಲ್ಲ. 1877ರಲ್ಲಿ ಚೀನೀಯರಿಗೆಂದೇ ಪ್ರತ್ಯೇಕ ಸರ್ಕಾರಿ ಇಲಾಖೆಯೊಂದನ್ನು ತೆರೆದು, ಕೂಲಿಗಳ ವ್ಯವಹಾರ, ಗುಪ್ತ ಸಂಘಗಳು, ಪಂಗಡಗಳ ಜಗಳ ಎಲ್ಲವನ್ನೂ ಅದರ ಕೈಗೆ ಒಪ್ಪಿಸಿದ್ದರು. ಹೀಗಾಗಿ ಸಮುದಾಯದ ಮುಖಂಡನಾಗಲು ಉಳಿದ ದಾರಿ ಎಂದರೆ ವ್ಯಾಪಾರದಲ್ಲಿ ಹಣ ಮಾಡುವುದು, ಪಂಗಡದ ದೇವಾಲಯಕ್ಕೂ ಶಾಲೆಗೂ ಕೊಡುವುದು, ಮತ್ತು ಸರ್ಕಾರಕ್ಕೆ ಅನುಮಾನ ಬಾರದಂತೆ ನಡೆದುಕೊಳ್ಳುವುದು.

ಅನಾನಸು ಡಬ್ಬಿಯಿಂದ ರಬ್ಬರ್ ಬೂಟಿನವರೆಗೆ

ತಂದೆಯ ಮಂಡಿ ಮುಚ್ಚಿದ ಬೆನ್ನಿಗೇ, 1904ರಲ್ಲಿ, ತಾನ್ ಕಾ ಕೀ ಕೇವಲ 7,000 ಡಾಲರ್ ಬಂಡವಾಳದಿಂದ ಅನಾನಸು ಹಣ್ಣನ್ನು ಡಬ್ಬಿಯಲ್ಲಿ ತುಂಬುವ ಕಾರ್ಖಾನೆಯೊಂದನ್ನು ಆರಂಭಿಸಿದರು. ಮರದ ಕಟ್ಟಡ, ಹಳೆಯ ಯಂತ್ರಗಳು. (ಅಲ್ಲಿನ ಒಂದು ಡಾಲರಿನ ಬೆಲೆ 1906ರಲ್ಲಿ ಎರಡು ಷಿಲಿಂಗ್ ನಾಲ್ಕು ಪೆನ್ಸ್ ಎಂದು ನಿಗದಿಯಾಯಿತು, ಅಂದರೆ ಅಂದಿನ ನಮ್ಮ ಸುಮಾರು ಒಂದೂ ಮುಕ್ಕಾಲು ರೂಪಾಯಿ.) ಇಷ್ಟು ಅಲ್ಪ ಬಂಡವಾಳ ಸಾಕಾದುದರ ಗುಟ್ಟು ಪಾವತಿಯ ಅವಧಿಯಲ್ಲಿತ್ತು. ಸಕ್ಕರೆ, ತಗಡು, ಪೆಟ್ಟಿಗೆಗಳು ಉದ್ದರಿಯ ಮೇಲೆ ದೊರೆಯುತ್ತಿದ್ದವು. ಡಬ್ಬಿಗಳನ್ನು ಕೊಳ್ಳುತ್ತಿದ್ದ ಯುರೋಪಿಯನ್ ರಫ್ತು ಕಂಪನಿಗಳು ಸರಕು ತಲುಪಿದ ಕೆಲವೇ ದಿನಗಳಲ್ಲಿ ಹಣ ಕೊಡುತ್ತಿದ್ದವು. ಕೊಡುವ ದಿನಕ್ಕೆ ಮುಂಚೆಯೇ ಬರುವ ದಿನ ಇದ್ದುದರಿಂದ, ಸಕ್ಕರೆ ಮತ್ತು ತಗಡು ಕೊಟ್ಟವರ ನಂಬಿಕೆಯೇ ನಿಜವಾದ ಬಂಡವಾಳವಾಗಿತ್ತು. ತಂದೆಯ ಸಾಲವನ್ನು ಒಪ್ಪಿಕೊಂಡ ಮಗನಿಗೆ ಆ ನಂಬಿಕೆ ಸಿಕ್ಕಿತು. ವರ್ತಕರು 'ಪತ್ತು' ಎನ್ನುವುದು ಇದನ್ನೇ.

ಈ ಕಾರ್ಖಾನೆಯನ್ನು ಅವರು ನಡೆಸಿದ ಬಗೆ ಸಣ್ಣ ಕೈಗಾರಿಕೆಯವರು ಬಿಡುವಾಗಿ ಓದಬೇಕಾದ ಅಧ್ಯಾಯ. ಸಿಂಗಪುರದ ಇತರ ಕಾರ್ಖಾನೆಗಳೆಲ್ಲ ಒಂದೇ ಬಗೆಯ ಸಾಧಾರಣ ಹೋಳಿನ ಡಬ್ಬಿಗಳಿಗಾಗಿ ಪರಸ್ಪರ ಬೆಲೆ ಇಳಿಸಿಕೊಂಡು ಸೆಣಸುತ್ತಿದ್ದವು. ತಾನ್ ಸ್ವತಃ ಒಂದೊಂದು ಯುರೋಪಿಯನ್ ಕಂಪನಿಯ ಕಚೇರಿಗೂ ಹೋಗಿ, ಬೇರೆ ಬೇರೆ ಆಕಾರಕ್ಕೆ ಕತ್ತರಿಸಿದ ಹಣ್ಣಿನ ವಿಶೇಷ ಬೇಡಿಕೆಗಳನ್ನು ಕೇಳಿ ಪಡೆದರು. ಒಟ್ಟು ವ್ಯಾಪಾರದಲ್ಲಿ ಈ ಬೇಡಿಕೆಯ ಪಾಲು ಚಿಕ್ಕದು, ಕೆಲಸ ಕಿರಿಕಿರಿಯದು. ಆದ್ದರಿಂದಲೇ ಇತರರು ಅದರ ಗೊಡವೆಗೆ ಹೋಗಿರಲಿಲ್ಲ, ಮತ್ತು ಆದ್ದರಿಂದಲೇ ಲಾಭಾಂಶ ಹೆಚ್ಚಾಗಿತ್ತು. ಇನ್ನೊಂದು ಸಂಗತಿ: ಉಳಿದವರು ಹಂಗಾಮು ಮುಗಿದ ಮೇಲೆ ಲಾಭನಷ್ಟದ ಲೆಕ್ಕ ಹಾಕುತ್ತಿದ್ದರು, ಇವರು ಅಂದಂದಿನ ಲೆಕ್ಕವನ್ನು ಅಂದೇ ಮಾಡುತ್ತಿದ್ದರು. ಎಷ್ಟು ಹಣ್ಣಿಗೆ ಎಷ್ಟು ಡಬ್ಬಿ ಇಳಿಯಿತು, ಎಷ್ಟು ವ್ಯರ್ಥವಾಯಿತು ಎಂಬುದು ಸಂಜೆಗೇ ಗೊತ್ತಾದರೆ ತಪ್ಪನ್ನು ಮರುದಿನ ಬೆಳಿಗ್ಗೆಯೇ ತಿದ್ದಬಹುದು. ಹಂಗಾಮಿನ ಕೊನೆಯಲ್ಲಿ ಗೊತ್ತಾದರೆ ಮರುಗುವುದಷ್ಟೇ ಉಳಿಯುತ್ತದೆ.

1906ರಲ್ಲಿ ಅವರು 1,800 ಡಾಲರ್ ಕೊಟ್ಟು 1,80,000 ರಬ್ಬರ್ ಬೀಜಗಳನ್ನು ಕೊಂಡರು. ಬೀಜಕ್ಕೆ ಒಂದು ಸೆಂಟ್. ಮಾರಿದವರು ಮಲಾಕಾದ ತಾನ್ ಚೇ ಯಾನ್. ಮಲಯಾದಲ್ಲಿ ವಾಣಿಜ್ಯ ದೃಷ್ಟಿಯಿಂದ ರಬ್ಬರ್ ಬೆಳೆದವರಲ್ಲಿ ಮೊದಲಿಗರು. ಬೀಜಗಳನ್ನು ಅನಾನಸು ತೋಟದ ಸಾಲುಗಳ ನಡುವೆಯೇ ಊರಲಾಯಿತು. ರಬ್ಬರ್ ಮರ ಹಾಲು ಕೊಡಲು ಆರೇಳು ವರ್ಷ ಬೇಕು. ಅಲ್ಲಿಯವರೆಗೆ ಕಳೆ ಕೀಳುವ ಕೂಲಿಯನ್ನು ಅನಾನಸಿನ ಬೆಳೆಯೇ ಹೊತ್ತಿತು. ಮೋಟಾರು ಗಾಡಿಗಳ ಯುಗ ಆರಂಭವಾಗಿ 1910ರಲ್ಲಿ ರಬ್ಬರ್ ಬೆಲೆ ಗಗನಕ್ಕೇರಿದಾಗ ಹಣ್ಣಿನ ವರ್ತಕ ರಬ್ಬರ್ ವರ್ತಕನೂ ಆಗಿದ್ದರು.

ಮೊದಲ ಮಹಾಯುದ್ಧ ಅವರ ಅದೃಷ್ಟವನ್ನು ಇನ್ನೊಂದು ಕಡೆಗೆ ತಿರುಗಿಸಿತು. ಹಡಗುಗಳು ಸಿಗದೆ ಅನಾನಸು ಡಬ್ಬಿಗಳು ಗೋದಾಮಿನಲ್ಲಿ ರಾಶಿಬಿದ್ದವು. ಸರಕು ಸಾಗಿಸಲು ಹಡಗಿಲ್ಲವಾದರೆ ಹಡಗಿನ ವ್ಯಾಪಾರವನ್ನೇ ಮಾಡಬೇಕೆಂದು ನಿರ್ಧರಿಸಿ, ಮೊದಲು ಬಾಡಿಗೆಗೆ ಹಡಗುಗಳನ್ನು ಹಿಡಿದರು. ಅನಂತರ ಎರಡು ಹಡಗುಗಳನ್ನು ಕೊಂಡು ಫ್ರೆಂಚ್ ಸರ್ಕಾರಕ್ಕೆ ಬಾಡಿಗೆಗೆ ಕೊಟ್ಟರು. 1918ರಲ್ಲಿ ಎರಡೂ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿದವು. ವಿಮೆ ಇತ್ತು, ಹಣ ಬಂತು. ಆ ನಡುವೆ ಅನಾನಸು ಕಾರ್ಖಾನೆಯೊಂದು ರಬ್ಬರ್ ಗಿರಣಿಯಾಗಿ ಮಾರ್ಪಟ್ಟಿತ್ತು.

ಅವರ ಸಾಹಸಗಳಲ್ಲಿ ಅತಿ ದೊಡ್ಡದು ಇದರ ಮುಂದಿನದು. ಮಲಯಾ ರಬ್ಬರ್ ಹಾಳೆಗಳನ್ನು ಕಳುಹಿಸುವುದು, ಬ್ರಿಟನ್ ಮತ್ತು ಅಮೆರಿಕಗಳು ಅದರಿಂದ ಟೈರು, ಬೂಟು ಮಾಡಿ ಮರಳಿ ಮಲಯಾಕ್ಕೇ ಮಾರುವುದು ಎಂಬುದು ವಸಾಹತು ವ್ಯಾಪಾರದ ರೂಢಿ. ತಾನ್ ಅದನ್ನು ಒಪ್ಪಲಿಲ್ಲ. ಸಿಂಗಪುರದ ಸುಂಬಾವಾ ರಸ್ತೆಯ ಕಾರ್ಖಾನೆಯಲ್ಲಿ ಗಂಟೆಯ ಗುರುತಿನ ರಬ್ಬರ್ ಬೂಟು, ಸೈಕಲ್ ಮತ್ತು ಮೋಟಾರು ಟೈರು, ಮಳೆಯಂಗಿ, ಆಟಿಕೆಗಳು ತಯಾರಾದವು. ಅವುಗಳ ಜೊತೆಗೆ ಬಿಸ್ಕತ್ತು, ಸಾಬೂನು, ಔಷಧಿ. ಆಗ್ನೇಯ ಏಷ್ಯ ಮತ್ತು ಚೀನಾದ ನಗರಗಳಲ್ಲಿ ಸ್ವಂತ ಮಾರಾಟ ಮಳಿಗೆಗಳು ಹತ್ತಾರು. 1923ರಲ್ಲಿ 'ನಾನ್ಯಾಂಗ್ ಸಿಯಾಂಗ್ ಪೌ' ಎಂಬ ದಿನಪತ್ರಿಕೆಯನ್ನೂ ಆರಂಭಿಸಿದರು. ಹೆಸರಿನಲ್ಲೇ ಅದು ವಾಣಿಜ್ಯ ಪತ್ರಿಕೆ, ಸ್ವಂತ ಸರಕಿನ ಜಾಹೀರಾತಿಗೂ ಅನುಕೂಲ. 1920-22ರ ಮುಗ್ಗಟ್ಟಿನಲ್ಲಿ ಇತರರು ಮಾರುತ್ತಿದ್ದಾಗ ಇವರು ಮಲಯಾ ಪರ್ಯಾಯದ್ವೀಪದಲ್ಲಿ ಗಿರಣಿಗಳನ್ನು ಕೊಂಡಿದ್ದರು. 1925ರಲ್ಲಿ ಬೆಲೆ ಮತ್ತೆ ಏರಿದಾಗ ಸುಮಾರು 15,000 ಎಕರೆ ರಬ್ಬರ್ ತೋಟ, ಸಾವಿರಾರು ಕೆಲಸಗಾರರು, ಒಂದು ಕೋಟಿ ಡಾಲರಿಗೂ ಮೀರಿದ ಆಸ್ತಿ ಅವರದಾಗಿತ್ತು.

ಕೊಟ್ಟ ಮಾತುಗಳು

ಈ ಸಂಪತ್ತಿನ ಬಹುಪಾಲು ಹೋದದ್ದು ಶಾಲೆಗಳಿಗೆ. 1913ರಲ್ಲಿ ಹುಟ್ಟೂರು ಜಿಮೇಯಲ್ಲಿ ಪ್ರಾಥಮಿಕ ಶಾಲೆ ತೆರೆದರು. ಅನಂತರ ಅದರ ಸುತ್ತ ಬಾಲಿಕೆಯರ ಶಾಲೆ, ಶಿಕ್ಷಕರ ತರಬೇತಿ, ಮೀನುಗಾರಿಕೆ ಮತ್ತು ನೌಕಾಯಾನ, ವಾಣಿಜ್ಯ, ಕೃಷಿ ಎಂದು ಒಂದರ ಹಿಂದೆ ಒಂದು ವಿಭಾಗ ಎದ್ದು ಹಳ್ಳಿಯೇ ವಿದ್ಯಾಕೇಂದ್ರವಾಯಿತು. 1921ರ ಏಪ್ರಿಲ್‌ನಲ್ಲಿ ಷಿಯಾಮೆನ್ ವಿಶ್ವವಿದ್ಯಾಲಯ ಆರಂಭವಾಯಿತು. ಅದಕ್ಕೆ ಅವರು ಘೋಷಿಸಿದ ಮೊತ್ತ 40 ಲಕ್ಷ: ಸ್ಥಾಪನೆಗೆ 10 ಲಕ್ಷ, ಹನ್ನೆರಡು ವರ್ಷಗಳ ನಿರ್ವಹಣೆಗೆ 30 ಲಕ್ಷ. ಆಗ ಅವರ ಕೈಯಲ್ಲಿದ್ದ ಆಸ್ತಿಯೂ ಹೆಚ್ಚುಕಡಿಮೆ ಅಷ್ಟೇ ಎನ್ನುತ್ತಾರೆ.

ಸಿಂಗಪುರದಲ್ಲಿ ಅವರ ಮುಂದಾಳುತನದಲ್ಲಿ 1919ರಲ್ಲಿ ತೆರೆದ ಚೀನೀ ಪ್ರೌಢಶಾಲೆಯ ವಿಶೇಷವೆಂದರೆ ಅದು ಯಾವುದೇ ಒಂದು ಪಂಗಡದ್ದಾಗಿರಲಿಲ್ಲ. ಎಲ್ಲರ ಮಕ್ಕಳಿಗೂ ಪ್ರವೇಶ. ಬೋಧನೆ ಸಾಮಾನ್ಯ ಚೀನೀ ಭಾಷೆಯಲ್ಲಿ. ವಸಾಹತು ಸರ್ಕಾರಕ್ಕೆ ಇದರ ಬಗ್ಗೆ ಅಳುಕಿತ್ತು. ಚೀನಾದ ರಾಷ್ಟ್ರೀಯತೆಯ ಗಾಳಿ ಈ ಶಾಲೆಗಳ ಮೂಲಕ ಬೀಸೀತೆಂದು 1920ರಲ್ಲಿ ಶಾಲೆಗಳ ನೋಂದಣಿ ಕಾನೂನನ್ನು ತಂದು ಅವುಗಳ ಮೇಲೆ ಹತೋಟಿ ಬಿಗಿಗೊಳಿಸಿತು. ಅದೇ ಸರ್ಕಾರ ತಾನ್ ಅವರಿಗೆ 1916ರಲ್ಲಿ ಬ್ರಿಟಿಷ್ ಪ್ರಜೆಯ ಹಕ್ಕನ್ನೂ 1918ರಲ್ಲಿ 'ಜಸ್ಟಿಸ್ ಆಫ್ ದಿ ಪೀಸ್' ಗೌರವವನ್ನೂ ಕೊಟ್ಟಿತ್ತೆಂಬುದು ಸ್ವಾರಸ್ಯ. ಗೌರವಿಸುವುದು ಮತ್ತು ಕಣ್ಣಿಡುವುದು ಎರಡೂ ಒಟ್ಟಿಗೇ ನಡೆದವು.

ವಾಣಿಜ್ಯ ಸಂಘಗಳ ಸದಸ್ಯರಿಗೆ ಇನ್ನೊಂದು ಪ್ರಸಂಗ ಕುತೂಹಲಕರ. 1906ರಲ್ಲಿ ಸ್ಥಾಪನೆಯಾದ ಸಿಂಗಪುರದ ಚೀನೀ ವಾಣಿಜ್ಯ ಸಂಘದಲ್ಲಿ ಆಡಳಿತ ಮಂಡಳಿಯ ಸ್ಥಾನಗಳು ಪಂಗಡವಾರು ಹಂಚಿಕೆಯಾಗುತ್ತಿದ್ದವು. ಅಧ್ಯಕ್ಷ ಪದವಿ ಒಮ್ಮೆ ಹೊಕ್ಕಿಯನ್ನರಿಗೆ, ಮತ್ತೊಮ್ಮೆ ಇತರರಿಗೆ. ವ್ಯಾಪಾರಿಗಳ ಸಂಘದಲ್ಲಿ ಊರು ಮತ್ತು ಆಡುನುಡಿಯ ಲೆಕ್ಕವೇಕೆಂದು 1929ರಲ್ಲಿ ತಾನ್ ಪ್ರಶ್ನಿಸಿ, ಪಂಗಡದ ಹಂಚಿಕೆಯನ್ನೇ ರದ್ದುಮಾಡಬೇಕೆಂದು ಸೂಚಿಸಿದರು. ಸೂಚನೆ ಅಂಗೀಕಾರವಾಗಲಿಲ್ಲ. ದೊಡ್ಡ ಪಂಗಡದವನು ಹಂಚಿಕೆ ಬೇಡವೆಂದರೆ ಚಿಕ್ಕ ಪಂಗಡಗಳಿಗೆ ಅನುಮಾನ ಬರುವುದು ಸಹಜ. ಆ ಅನುಮಾನವನ್ನು ನಿವಾರಿಸುವ ತಾಳ್ಮೆ ತಾನ್ ಅವರಲ್ಲಿ ಸ್ವಲ್ಪ ಕಡಮೆಯೇ ಇತ್ತು ಎನ್ನಬೇಕು. ಮಾತು ನೇರ, ಸ್ವಭಾವ ಹಠದ್ದು. ಅದೇ ವರ್ಷ ಸ್ವಂತ ಪಂಗಡದ ಹೊಕ್ಕಿಯನ್ ಸಂಘದ ಅಧ್ಯಕ್ಷತೆ ವಹಿಸಿ, ದೇವಾಲಯದ ಉತ್ಸವಕ್ಕೆ ಸೀಮಿತವಾಗಿದ್ದ ಆ ಸಂಸ್ಥೆಯನ್ನು ಶಾಲೆಗಳ ಕಡೆಗೆ ತಿರುಗಿಸಿದರು.

ಬ್ಯಾಂಕುಗಳ ಷರತ್ತು

ಇಳಿಗಾಲ ಹಲವು ಬಾಗಿಲುಗಳಿಂದ ಒಳಬಂತು. 1926ರಿಂದ ರಬ್ಬರ್ ಬೆಲೆ ಕುಸಿಯತೊಡಗಿತು. ಅಗ್ಗದ ಜಪಾನೀ ರಬ್ಬರ್ ಬೂಟುಗಳು ಮಾರುಕಟ್ಟೆಗೆ ನುಗ್ಗಿದವು. 1928ರ ಮೇ ತಿಂಗಳಲ್ಲಿ ಚೀನಾದ ಜಿನಾನ್ ನಗರದಲ್ಲಿ ಜಪಾನೀ ಸೇನೆ ನಡೆಸಿದ ಹತ್ಯೆಗಳ ನಂತರ ಸಿಂಗಪುರದಲ್ಲಿ ಆರಂಭವಾದ ಪರಿಹಾರ ನಿಧಿಗೆ ತಾನ್ ಅಧ್ಯಕ್ಷರಾದರು. ಜಪಾನೀ ಸರಕಿನ ಬಹಿಷ್ಕಾರವನ್ನು ಅವರ ಪತ್ರಿಕೆ ಬೆಂಬಲಿಸಿತು. ಅದೇ ವರ್ಷ ಅವರ ರಬ್ಬರ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಬಹಿಷ್ಕಾರದಿಂದ ನೊಂದವರ ಕೈವಾಡವೆಂಬ ಅನುಮಾನ ವ್ಯಾಪಕವಾಗಿತ್ತು. ವಿಮೆ ಪೂರ್ಣ ನಷ್ಟವನ್ನು ತುಂಬಲಿಲ್ಲ. ಮರುವರ್ಷ ಜಗತ್ತಿನ ಮಹಾ ಮುಗ್ಗಟ್ಟು.

ಈ ಅವಧಿಯಲ್ಲಿ ಕಾರ್ಖಾನೆ ಮತ್ತು ಮಳಿಗೆಗಳ ವಿಸ್ತರಣೆಗೆ ಬ್ಯಾಂಕುಗಳಿಂದ ತಂದ ಸಾಲ ಬೆಳೆಯುತ್ತಲೇ ಇತ್ತು. ಷಿಯಾಮೆನ್‌ಗೂ ಜಿಮೇಗೂ ತಿಂಗಳು ತಿಂಗಳೂ ಹಣ ಹೋಗುತ್ತಲೇ ಇತ್ತು. ಶಾಲೆಗಳಿಗೆ ಕೊಡುವುದನ್ನು ನಿಲ್ಲಿಸಿದರೆ ಉದ್ಯಮ ಉಸಿರಾಡಬಹುದೆಂದು ಹಿತೈಷಿಗಳು ಹೇಳಿದರು. ತಾನ್ ಒಪ್ಪಲಿಲ್ಲ. ಉದ್ಯಮ ಮುಚ್ಚಿದರೆ ಒಬ್ಬನ ನಷ್ಟ, ವಿಶ್ವವಿದ್ಯಾಲಯವನ್ನು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ ಎಂಬುದು ಅವರ ವಾದ. ಮಕ್ಕಳಿಗಾಗಿ ಇದ್ದ ಮನೆಗಳನ್ನೂ ವಿಶ್ವವಿದ್ಯಾಲಯಕ್ಕಾಗಿ ಮಾರಿದರೆಂದು ಇಂದಿಗೂ ಹೇಳುತ್ತಾರೆ.

1931ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಷರತ್ತು ಮುಂದಿಟ್ಟವು. ಸ್ವಂತ ಮಾಲೀಕತ್ವದ ಸಂಸ್ಥೆ 'ತಾನ್ ಕಾ ಕೀ ಅಂಡ್ ಕಂಪನಿ ಲಿಮಿಟೆಡ್' ಆಯಿತು. ನಿರ್ದೇಶಕ ಮಂಡಳಿಯಲ್ಲಿ ಬ್ಯಾಂಕುಗಳ ಪ್ರತಿನಿಧಿಗಳು ಕುಳಿತರು. ಕಟ್ಟಿದವರೇ ಅಲ್ಲಿ ಸಂಬಳದ ವ್ಯವಸ್ಥಾಪಕ ನಿರ್ದೇಶಕರಾದರು. ಶಾಲೆಗಳಿಗೆ ಕೊಡುವ ಹಣಕ್ಕೂ ಮಿತಿ ಬಿತ್ತು. 1932ರ ಹೊತ್ತಿಗೆ, 1925ರಲ್ಲಿ ಪೌಂಡಿಗೆ ಡಾಲರನ್ನು ದಾಟಿದ್ದ ರಬ್ಬರ್ ಕೆಲವೇ ಸೆಂಟಿಗೆ ಇಳಿದಿತ್ತು. ಯಾವ ಆಡಳಿತ ಮಂಡಳಿಯೂ ಇದನ್ನು ತಡೆಯಲಾರದು. 1934ರ ಫೆಬ್ರುವರಿಯಲ್ಲಿ ಕಂಪನಿಯನ್ನು ಸಮಾಪನಗೊಳಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ರಬ್ಬರ್ ಬೆಳೆಯುವ ವಸಾಹತುಗಳ ಸರ್ಕಾರಗಳು ಉತ್ಪಾದನೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದವು, ಬೆಲೆ ಚೇತರಿಸಿಕೊಂಡಿತು. ಕೇವಲ ಮೂರು ತಿಂಗಳ ಅಂತರ.

ವರ್ತಕನ ಕಣ್ಣಿನಿಂದ ನೋಡಿದರೆ ತಾನ್ ತಪ್ಪು ಮಾಡಲಿಲ್ಲವೆನ್ನಲಾಗದು. ರಬ್ಬರಿನಂತೆ ಏರಿಳಿಯುವ ಒಂದೇ ಸರಕಿನ ಮೇಲೆ ತೋಟ, ಗಿರಣಿ, ಕಾರ್ಖಾನೆ, ಮಳಿಗೆ ಎಲ್ಲವನ್ನೂ ನಿಲ್ಲಿಸಿದ್ದು. ಅದನ್ನೂ ಸಾಲದ ಹಣದಿಂದ ಬೆಳೆಸಿದ್ದು. ಲಾಭದಲ್ಲಿ ಇಂತಿಷ್ಟು ಪಾಲು ಎಂದು ಗೊತ್ತುಮಾಡದೆ ನಿಶ್ಚಿತ ಮೊತ್ತದ ದಾನವನ್ನು ಹನ್ನೆರಡು ವರ್ಷ ಮುಂಚಿತವಾಗಿ ಘೋಷಿಸಿದ್ದು. ಇವು ಮೂರೂ ಅಪಾಯದ ನಡೆಗಳೇ. ಮೊದಲ ಕಾರ್ಖಾನೆಯಲ್ಲಿ ದಿನದಿನದ ಲೆಕ್ಕ ಹಾಕಿದ ಕೈ ಇಲ್ಲಿ ಲೆಕ್ಕವನ್ನು ಬದಿಗಿಟ್ಟಿತು. ಆದರೆ ಆ ಹಣ ಉದ್ಯಮದಲ್ಲಿಯೇ ಉಳಿದಿದ್ದರೆ ಕಂಪನಿ ಉಳಿಯುತ್ತಿತ್ತೇ ಎಂಬುದು ಅಷ್ಟು ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಒಂದು ಪೈಸೆಯೂ ದಾನ ಮಾಡದ ಎಷ್ಟೋ ರಬ್ಬರ್ ಸಂಸ್ಥೆಗಳು ಅದೇ ವರ್ಷಗಳಲ್ಲಿ ಮುಳುಗಿದವು.

ಕಂಪನಿ ಹೋದರೂ ಅಲ್ಲಿ ಕೆಲಸ ಕಲಿತವರು ಉಳಿದರು. ಅಳಿಯ ಲೀ ಕಾಂಗ್ ಚಿಯಾನ್ ಅದೇ ಸಂಸ್ಥೆಯಲ್ಲಿ ಪಳಗಿ, ಅನಂತರ ಸ್ವಂತ ರಬ್ಬರ್ ಉದ್ಯಮ ಕಟ್ಟಿ, 1939ರಲ್ಲಿ ಚೀನೀ ವಾಣಿಜ್ಯ ಸಂಘದ ಅಧ್ಯಕ್ಷರಾದರು. ಇನ್ನೊಬ್ಬ ಹಳೆಯ ನೌಕರ ತಾನ್ ಲಾರ್ಕ್ ಸೈ 1950ರ ದಶಕದಲ್ಲಿ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ಸ್ಥಾಪನೆಗೆ ಮುಂದಾದರು. ಮುಚ್ಚಿದ ಕಂಪನಿಯ ಗಿರಣಿಗಳಲ್ಲಿ ಕೆಲವನ್ನು ಇಂಥವರೇ ವಹಿಸಿಕೊಂಡು, ಲಾಭದಲ್ಲಿ ಒಂದು ಪಾಲನ್ನು ಶಾಲೆಗಳಿಗೆ ಕಳುಹಿಸುತ್ತ ಬಂದರು. 1937ರಲ್ಲಿ ತಾನ್ ಷಿಯಾಮೆನ್ ವಿಶ್ವವಿದ್ಯಾಲಯವನ್ನು ಚೀನಾ ಸರ್ಕಾರಕ್ಕೆ ಒಪ್ಪಿಸಿದರು. ಹದಿನಾರು ವರ್ಷ ಅದನ್ನು ನಡೆಸಿದ ನಂತರ.

ಹಣವಿಲ್ಲದ ನಾಯಕ

1937ರ ಜುಲೈಯಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಹೂಡಿತು. ಮುಂದಿನ ತಿಂಗಳು ಸಿಂಗಪುರದ ಚೀನೀಯರು ಪರಿಹಾರ ನಿಧಿ ಸಮಿತಿ ರಚಿಸಿದಾಗ ಅಧ್ಯಕ್ಷತೆಗೆ ಆರಿಸಿದ್ದು ಕಂಪನಿ ಕಳೆದುಕೊಂಡ ತಾನ್ ಅವರನ್ನೇ. ಅವರಿಗಿಂತ ಬಹು ಪಾಲು ಶ್ರೀಮಂತರು ಊರಲ್ಲಿದ್ದರು. ನೋವಿನೆಣ್ಣೆಯ ವ್ಯಾಪಾರದಿಂದ ಕೋಟ್ಯಧೀಶರಾಗಿದ್ದ ಆವ್ ಬೂನ್ ಹಾವ್ ಅವರಲ್ಲೊಬ್ಬರು, ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಆದರೆ ಊರಿನ ಹಣವನ್ನು ಯಾರ ಕೈಗೆ ಕೊಡಬೇಕೆಂಬ ಪ್ರಶ್ನೆ ಬಂದಾಗ ಜನ ನೋಡಿದ್ದು ಕೈ ಎಷ್ಟು ಭಾರವಾಗಿದೆ ಎಂದಲ್ಲ.

ಬ್ರಿಟಿಷ್ ಸರ್ಕಾರಕ್ಕೂ ಅವರೇ ಬೇಕಾಗಿದ್ದರು. ಜಪಾನಿನೊಡನೆ ಆಗ ಬ್ರಿಟನ್ನಿಗೆ ಯುದ್ಧವಿರಲಿಲ್ಲ. ಸಂಗ್ರಹಿಸಿದ ಹಣ ನಿರಾಶ್ರಿತರು ಮತ್ತು ಗಾಯಾಳುಗಳ ಪರಿಹಾರಕ್ಕೆ ಮಾತ್ರ, ಶಸ್ತ್ರ ಖರೀದಿಗಲ್ಲ. ಜಪಾನೀ ಅಂಗಡಿಗಳ ಮೇಲೆ ದಾಳಿ, ಬಹಿಷ್ಕಾರದ ಗಲಭೆ ಕೂಡದು ಎಂಬ ಕಟ್ಟುಪಾಡುಗಳನ್ನು ಅದು ವಿಧಿಸಿತು. ಇವುಗಳೊಳಗೆ ಉಳಿದು, ಅದೇ ಸಮಯಕ್ಕೆ ರೊಚ್ಚಿಗೆದ್ದ ಯುವಕರನ್ನೂ ಹಿಡಿದುಕೊಂಡು ಹೋಗುವುದು ಸಣ್ಣ ಕೆಲಸವಲ್ಲ. ತಾನ್ ಮಾಡಿದ ಏರ್ಪಾಡು ವರ್ತಕನದೇ. ಒಂದು ಸಲದ ಆವೇಶದ ದೇಣಿಗೆಗಿಂತ ತಿಂಗಳ ನಿಶ್ಚಿತ ಚಂದಾಕ್ಕೆ ಒತ್ತು ಕೊಟ್ಟರು. ಗಿರಣಿ ಮಾಲೀಕರೊಡನೆ ರಬ್ಬರ್ ಹಾಲು ತೆಗೆಯುವ ಕೂಲಿಗಳು, ರಿಕ್ಷಾ ಎಳೆಯುವವರು, ಬೀದಿ ವ್ಯಾಪಾರಿಗಳು ಕೊಟ್ಟರು. 1938ರ ಅಕ್ಟೋಬರ್‌ನಲ್ಲಿ ಆಗ್ನೇಯ ಏಷ್ಯದ ಹಲವು ನಗರಗಳ ಪ್ರತಿನಿಧಿಗಳು ಸಿಂಗಪುರದ ಚೀನೀ ಪ್ರೌಢಶಾಲೆಯಲ್ಲಿ ಸೇರಿ ಎಲ್ಲ ನಿಧಿಗಳ ಒಕ್ಕೂಟ ರಚಿಸಿ ಅದಕ್ಕೂ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ವಾಣಿಜ್ಯ ಸಂಘದಲ್ಲಿ ಸಾಧ್ಯವಾಗದ ಪಂಗಡಗಳ ಒಗ್ಗಟ್ಟು ಇಲ್ಲಿ ಬಹುಮಟ್ಟಿಗೆ ಸಾಧ್ಯವಾಯಿತು. 1939ರಲ್ಲಿ ಬರ್ಮಾ ರಸ್ತೆಯಲ್ಲಿ ಲಾರಿ ನಡೆಸಲು ಚಾಲಕರು ಮತ್ತು ಮೆಕ್ಯಾನಿಕ್‌ಗಳು ಬೇಕೆಂದು ಅವರು ಕರೆಕೊಟ್ಟಾಗ 3,000ಕ್ಕೂ ಹೆಚ್ಚು ಮಂದಿ ಹೊರಟರು. ಅವರಲ್ಲಿ ಅನೇಕರು ಮರಳಲಿಲ್ಲ.

1940ರಲ್ಲಿ ನಿಧಿಯ ಪರವಾಗಿ ಚೀನಾಕ್ಕೆ ಹೋದಾಗ ಅಲ್ಲಿನ ಸರ್ಕಾರ ಅವರ ಸ್ವಾಗತಕ್ಕೆ 80,000 ಯುವಾನ್ ತೆಗೆದಿಟ್ಟಿತ್ತು. ಯುದ್ಧಕಾಲದಲ್ಲಿ ಔತಣ ಬೇಡವೆಂದು ಅವರು ಪತ್ರಿಕೆಯಲ್ಲಿಯೇ ಪ್ರಕಟಣೆ ಕೊಟ್ಟರು. ಕೂಲಿಗಳು ಕೊಟ್ಟ ಕಾಸಿನ ಲೆಕ್ಕ ಒಪ್ಪಿಸಲು ಬಂದವನಿಗೆ ಆ ಔತಣ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಚುಂಗ್‌ಕಿಂಗ್‌ನಲ್ಲಿ ಕಂಡ ಭ್ರಷ್ಟಾಚಾರವನ್ನೂ, ಕಮ್ಯುನಿಸ್ಟರ ಯೆನಾನ್‌ನಲ್ಲಿ ಕಂಡ ಸರಳತೆಯನ್ನೂ ಸಿಂಗಪುರಕ್ಕೆ ಬಂದು ಬಹಿರಂಗವಾಗಿ ಹೇಳಿದ್ದರಿಂದ ಸಮುದಾಯದೊಳಗೆ ವಿರೋಧವೂ ಹುಟ್ಟಿತು.

1941ರ ಡಿಸೆಂಬರ್‌ನಲ್ಲಿ ಜಪಾನೀ ಸೇನೆ ಮಲಯಾದಲ್ಲಿ ಇಳಿದಾಗ, ಅಲ್ಲಿಯವರೆಗೆ ಚೀನೀ ರಾಷ್ಟ್ರೀಯವಾದಿಗಳ ಮೇಲೆ ಕಣ್ಣಿಟ್ಟಿದ್ದ ಗವರ್ನರ್ ಷೆಂಟನ್ ಥಾಮಸ್ ಅವರು ತಾನ್ ಅವರನ್ನೇ ಕರೆದು ಚೀನೀಯರನ್ನು ಸಂಘಟಿಸಲು ಕೇಳಿಕೊಂಡರು. ತಾನ್ ಹೊಣೆ ವಹಿಸಿಕೊಂಡರು. ಆದರೆ ಜನರ ಕೈಗೆ ಬಂದೂಕು ಕೊಡುವುದನ್ನು ಮಾತ್ರ ವಿರೋಧಿಸಿದರು. ಸೇನೆ ಸೋತರೆ ಬ್ರಿಟಿಷರು ಹೊರಟುಹೋಗುತ್ತಾರೆ, ಸೇಡಿಗೆ ಗುರಿಯಾಗುವವರು ಇಲ್ಲಿಯೇ ಉಳಿಯುವ ಚೀನೀಯರು ಎಂಬುದು ಅವರ ಎಣಿಕೆ. ಅವರ ಮಾತು ನಡೆಯಲಿಲ್ಲ. ಸ್ವಯಂಸೇವಕರ ಪಡೆ ರಚನೆಯಾಗಿ ಹೋರಾಡಿತು. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. ಪರಿಹಾರ ನಿಧಿಯೊಡನೆ ಸಂಬಂಧವಿದ್ದವರನ್ನೂ ಸೇರಿಸಿ ಸಾವಿರಾರು ಚೀನೀ ಗಂಡಸರನ್ನು ಜಪಾನೀಯರು ಸಾಲುಗಟ್ಟಿಸಿ ಕೊಂದರು. ಮಲಯಾ ಮತ್ತು ಸಿಂಗಪುರದ ಚೀನೀಯರಿಂದ 5 ಕೋಟಿ ಡಾಲರ್ 'ಕಾಣಿಕೆ'ಯನ್ನು ಬಲವಂತವಾಗಿ ಕೇಳಲಾಯಿತು. ಅದನ್ನು ಒಟ್ಟುಗೂಡಿಸುವ ಸಂಘಕ್ಕೆ ಮುಂದಾಳಾಗಿ ನಿಲ್ಲಿಸಿದ್ದು ಷಿಯಾಮೆನ್ ವಿಶ್ವವಿದ್ಯಾಲಯವನ್ನು ಹದಿನಾರು ವರ್ಷ ನಡೆಸಿ ಬಂದಿದ್ದ ವೃದ್ಧ ವೈದ್ಯ ಡಾ. ಲಿಮ್ ಬೂನ್ ಕೆಂಗ್ ಅವರನ್ನು.

ತಾನ್ ಆ ತಿಂಗಳ ಆರಂಭದಲ್ಲಿಯೇ ಸಣ್ಣ ದೋಣಿಯೊಂದರಲ್ಲಿ ಸುಮಾತ್ರಾಕ್ಕೆ, ಅಲ್ಲಿಂದ ಜಾವಾಕ್ಕೆ ಹೋಗಿದ್ದರು. ಮುಂದಿನ ಮೂರೂವರೆ ವರ್ಷ ಮಲಾಂಗ್ ಊರಿನ ಸುತ್ತಮುತ್ತ ಹೆಸರು ಬದಲಿಸಿಕೊಂಡು ಬದುಕಿದರು. ಜಪಾನೀಯರು ಹುಡುಕುತ್ತಿದ್ದರು. ಅಡಗಿಸಿಟ್ಟವರು ಜಿಮೇ ಶಾಲೆಗಳಲ್ಲೂ ಷಿಯಾಮೆನ್ ವಿಶ್ವವಿದ್ಯಾಲಯದಲ್ಲೂ ಓದಿ ಜಾವಾದಲ್ಲಿ ನೆಲೆಸಿದ್ದ ಹಳೆಯ ವಿದ್ಯಾರ್ಥಿಗಳು. ಸಿಕ್ಕಿಬಿದ್ದರೆ ಇಡೀ ಮನೆಯವರಿಗೆ ಮರಣ ಖಚಿತವೆಂದು ತಿಳಿದೂ ಅವರು ಬಿಟ್ಟುಕೊಡಲಿಲ್ಲ. ಪುಸ್ತಕವಾಗಲಿ ಕಡತವಾಗಲಿ ಇಲ್ಲದ ಆ ಮನೆಗಳಲ್ಲಿ ಕುಳಿತು ತಾನ್ ನೆನಪಿನಿಂದಲೇ ಆತ್ಮಕಥೆ ಬರೆದರು. ಬೀಜದ ಬೆಲೆ, ಹಡಗಿನ ಬಾಡಿಗೆ, ಯಾವ ವರ್ಷ ಎಷ್ಟು ಲಾಭ, ಎಷ್ಟು ನಷ್ಟ ಎಂಬುದೆಲ್ಲ ಅದರಲ್ಲಿದೆ.

1945ರ ಅಕ್ಟೋಬರ್‌ನಲ್ಲಿ ಅವರು ಸಿಂಗಪುರಕ್ಕೆ ಮರಳಿದರು. 1950ರಲ್ಲಿ ಚೀನಾಕ್ಕೆ ತೆರಳಿ ಜಿಮೇಯಲ್ಲಿ ನೆಲೆಸಿ, ಯುದ್ಧದಲ್ಲಿ ಹಾಳಾಗಿದ್ದ ಶಾಲಾ ಕಟ್ಟಡಗಳನ್ನು ಮತ್ತೆ ಕಟ್ಟಿಸುವುದರಲ್ಲಿ ಉಳಿದ ಆಯುಷ್ಯವನ್ನು ಕಳೆದರು. ಕೋಲು ಹಿಡಿದು ದಿನವೂ ಕಾಮಗಾರಿಯ ಸ್ಥಳಕ್ಕೆ ಹೋಗುತ್ತಿದ್ದ ಅವರು 1961ರ ಆಗಸ್ಟ್ 12ರಂದು ಬೀಜಿಂಗ್‌ನಲ್ಲಿ ನಿಧನರಾದರು. ಸಮಾಧಿ ಜಿಮೇಯ ಕಡಲ ತೀರದಲ್ಲಿದೆ.

ಸಿಂಗಪುರದ ಮೆಟ್ರೋ ರೈಲಿನಲ್ಲಿ, 1919ರ ಆ ಪ್ರೌಢಶಾಲೆಯ ಸಮೀಪದ ನಿಲ್ದಾಣಕ್ಕೆ 2015ರಿಂದ ಅವರ ಹೆಸರಿದೆ. ಮಲಯಾದ ರಬ್ಬರ್ ಹಣದಿಂದ ಚೀನಾದಲ್ಲಿ ಹುಟ್ಟಿದ ಷಿಯಾಮೆನ್ ವಿಶ್ವವಿದ್ಯಾಲಯವು 2016ರಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ತನ್ನ ಶಾಖೆಯನ್ನು ತೆರೆಯಿತು.